ನೀರಿಗಾಗಿ ಕಟ್ಟಿದ ಕೋಣೆ

ಬೆಂಗಳೂರಿನ ಹೊರವಲಯದ ಜಿಗಣಿಯಲ್ಲಿ ಗ್ರಾನೈಟ್ ಅಂಗಡಿಗಳ ಸಾಲೇ ಇದೆ. ಹೊಸ ಮನೆ ಕಟ್ಟಿಸುವವರು ಬಿಡುವಿನ ದಿನ ಅಲ್ಲಿಗೆ ಹೋಗಿ, ಬಿಸಿಲಿಗೆ ಒರಗಿಸಿದ ಹಲಗೆಗಳ ಮೇಲೆ ಕೈಯಾಡಿಸಿ, ಇದು ಸ್ನಾನದ ಮನೆಗೆ, ಅದು ಕೊಳದ ಸುತ್ತ ಎಂದು ಗುರುತು ಹಾಕಿಸಿ ಬರುತ್ತಾರೆ. ಕಲ್ಲು ಒಣಗಿರುತ್ತದೆ, ಮುಟ್ಟುವ ಕೈಯೂ ಒಣಗಿರುತ್ತದೆ. ಆ ಕಲ್ಲಾದರೋ ಮುಂದೆ ತನ್ನ ಆಯುಷ್ಯವನ್ನೆಲ್ಲ ನೀರಿನಲ್ಲಿ ಕಳೆಯಬೇಕು. ಅದರ ಮೇಲೆ ನಿಲ್ಲುವುದು ಸಾಬೂನು ಹತ್ತಿದ ಒದ್ದೆ ಅಂಗಾಲು. ಲಕ್ಷಗಟ್ಟಲೆ ಸುರಿದು ಕಟ್ಟಿಸಿದ ಸ್ನಾನದ ಮನೆಗಳು ಎರಡೇ ವರ್ಷಕ್ಕೆ ಕಳೆಗುಂದಿದ್ದನ್ನು ನಾನು ನೋಡಿದ್ದೇನೆ. ಎಲ್ಲ ಕಡೆಯೂ ಕಾರಣ ಹೆಚ್ಚುಕಡಿಮೆ ಒಂದೇ: ಕೋಣೆಯನ್ನು ಕಣ್ಣಿಗಾಗಿ ಕಟ್ಟಿದ್ದರು, ನೀರಿಗಾಗಿ ಕಟ್ಟಿರಲಿಲ್ಲ.

ಅಂಗಾಲಿನಿಂದಲೇ ಶುರುಮಾಡೋಣ. ಮುಂಜಾನೆ ಅಮೃತಶಿಲೆಯ ನೆಲಕ್ಕೆ ಕಾಲಿಟ್ಟರೆ ಮೈ ಜುಮ್ಮೆನ್ನುತ್ತದೆ. ಪಕ್ಕದಲ್ಲೇ ಇರುವ ಮರದ ಮಣೆ ಬೆಚ್ಚಗಿರುತ್ತದೆ. ಎರಡಕ್ಕೂ ಥರ್ಮಾಮೀಟರ್ ಹಿಡಿದರೆ ಒಂದೇ ಅಂಕಿ ಬರುತ್ತದೆ, 23 ಡಿಗ್ರಿ ಸೆಲ್ಸಿಯಸ್ ಎನ್ನೋಣ. ವ್ಯತ್ಯಾಸ ಇರುವುದು ಶಾಖವನ್ನು ಎಳೆದುಕೊಳ್ಳುವ ವೇಗದಲ್ಲಿ. 33 ಡಿಗ್ರಿಯ ಅಂಗಾಲು ಅಮೃತಶಿಲೆಗೆ ತಾಗಿದ ಗಳಿಗೆಯಲ್ಲಿ ಚರ್ಮ ಮತ್ತು ಕಲ್ಲು ಕೂಡುವ ಗೆರೆಯ ಉಷ್ಣತೆ ಸುಮಾರು 26ಕ್ಕೆ ಇಳಿದುಬಿಡುತ್ತದೆ. ಮರವಾದರೆ 30ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನಮ್ಮ ನರಗಳಿಗೆ ತಿಳಿಯುವುದು ಆ ಗೆರೆಯ ಉಷ್ಣತೆ ಮಾತ್ರ. ಹಾಗಾಗಿ ಮಂಗಳೂರಿನ ಸೆಕೆಗೆ ಹಿತವಾದ ಕಲ್ಲು ಮಡಿಕೇರಿಯ ಡಿಸೆಂಬರಿಗೆ ಹಿತವಲ್ಲ. ಅಜ್ಜಿಯ ಬಚ್ಚಲಿನಲ್ಲಿ ಕಲ್ಲುಚಪ್ಪಡಿಯ ಮೇಲೆ ಒಂದು ಮಣೆ ಏಕಿರುತ್ತಿತ್ತು ಎಂಬುದು ನನಗೆ ಈ ಲೆಕ್ಕ ಮಾಡಿದ ಮೇಲೆಯೇ ಅರ್ಥವಾದದ್ದು.

ಜಾರುವುದು ಇದಕ್ಕಿಂತ ಗಂಭೀರ ವಿಷಯ. ಕನ್ನಡಿಯಂತೆ ಪಾಲಿಶ್ ಮಾಡಿದ ಕಲ್ಲಿನ ಮೇಲೆ ನೀರು ತೆಳುಪೊರೆಯಾಗಿ ಹರಡುತ್ತದೆ. ಕಾಲಿಟ್ಟಾಗ ಆ ಪೊರೆಗೆ ಪಕ್ಕಕ್ಕೆ ಸರಿಯಲು ದಾರಿಯೂ ಇಲ್ಲ, ಸಮಯವೂ ಇಲ್ಲ. ಅಂಗಾಲು ಕಲ್ಲನ್ನು ಮುಟ್ಟದೆ ನೀರಿನ ಮೇಲೇ ತೇಲಿದಂತಾಗುತ್ತದೆ. ಒರಟು ಮೇಲ್ಮೈಯ ಸಣ್ಣ ಸಣ್ಣ ತಗ್ಗುಗಳು ನೀರಿಗೆ ದಾರಿ ಕೊಡುತ್ತವೆ, ಉಬ್ಬುಗಳು ಚರ್ಮಕ್ಕೆ ಹಿಡಿತ ಕೊಡುತ್ತವೆ. ಜರ್ಮನಿಯವರು ಇದನ್ನು ಅಳೆಯುವ ಕ್ರಮ ಬಹಳ ಸರಳ. ಒಂದು ಹಲಗೆಗೆ ಟೈಲ್ಸ್ ಅಂಟಿಸಿ, ಮೇಲೆ ಸಾಬೂನು ನೀರು ಹರಿಸಿ, ಬರಿಗಾಲಿನ ಮನುಷ್ಯನನ್ನು ಅದರ ಮೇಲೆ ನಡೆಯಲು ಬಿಡುತ್ತಾರೆ. ಬೀಳದಂತೆ ಅವನಿಗೆ ಹಗ್ಗ ಕಟ್ಟಿರುತ್ತದೆ. ಹಲಗೆಯನ್ನು ನಿಧಾನವಾಗಿ ಓರೆ ಮಾಡುತ್ತಾ ಹೋಗುತ್ತಾರೆ. 12 ಡಿಗ್ರಿವರೆಗೆ ಜಾರದಿದ್ದರೆ ಎ ದರ್ಜೆ, 18ಕ್ಕೆ ಬಿ, 24ಕ್ಕೆ ಸಿ. ಶವರ್ ಕೆಳಗೆ ಮತ್ತು ಕೊಳದ ಸುತ್ತ ಬಿ ಬೇಕು, ಕೊಳಕ್ಕೆ ಇಳಿಯುವ ಮೆಟ್ಟಿಲಿಗೆ ಸಿ ಬೇಕು. ಟೈಲ್ಸ್ ಕೊಳ್ಳುವಾಗ ಬಣ್ಣ ಕೇಳುವ ಮೊದಲು ಈ ದರ್ಜೆ ಕೇಳಿ. ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರಂತೂ ಕೇಳದೆ ಹಣ ಕೊಡಬೇಡಿ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದವರಲ್ಲಿ ಹಲವರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ.

ಇನ್ನು ಕಲ್ಲಿನ ಒಳಗುಟ್ಟು. ಅಮೃತಶಿಲೆ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣಕಲ್ಲು ಭೂಮಿಯೊಳಗಿನ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಹರಳುಗಟ್ಟಿದ ರೂಪ ಅದು. ನಮ್ಮ ಕೊಳವೆಬಾವಿಗಳ ಗಡಸು ನೀರು ಆರಿದಾಗ ಶವರಿನ ಗಾಜಿನ ಮೇಲೆ, ನಲ್ಲಿಯ ಮೂತಿಯಲ್ಲಿ ಬಿಡುವ ಬಿಳಿ ಪೊರೆಯೂ ಬಹುಪಾಲು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಗಾಜಿನ ಕಲೆ ತೆಗೆಯಲೆಂದು ಆಮ್ಲ ಇರುವ ದ್ರಾವಣ ಎರಚುತ್ತಾರೆ; ಅದು ಕೆಳಗೆ ಸುರಿದು ನೆಲದ ಅಮೃತಶಿಲೆಯನ್ನೂ ತಿನ್ನುತ್ತದೆ. ಆಮ್ಲಕ್ಕೆ ಕಲೆ ಯಾವುದು, ಕಲ್ಲು ಯಾವುದು ಎಂಬ ಭೇದ ಗೊತ್ತಾಗುವುದಿಲ್ಲ. ಹುಣಸೆಹಣ್ಣು, ನಿಂಬೆಹಣ್ಣಿನ ಹೋಳು ಸಹ ಇದನ್ನೇ ಮಾಡುತ್ತವೆ. ಗ್ರಾನೈಟಿಗೆ, ಕಡಪ ಕಲ್ಲಿಗೆ ಇದೇ ಮಾತು ಅನ್ವಯಿಸುತ್ತದೆಯೇ ಎಂದು ಕೇಳುವವರುಂಟು. ಗ್ರಾನೈಟು ಬೆಣಚು ಮತ್ತು ಫೆಲ್ಡ್‌ಸ್ಪಾರ್‌ನಿಂದ ಆದದ್ದು, ಈ ಆಮ್ಲಗಳಿಗೆ ಸುಲಭವಾಗಿ ಜಗ್ಗುವುದಿಲ್ಲ. ಕಡಪ ಸುಣ್ಣಕಲ್ಲಿನ ಜಾತಿ, ಅದು ಬಿಳುಚುತ್ತದೆ. ನೀರು ಗಡಸಾದಷ್ಟೂ ಆ ಬಿಳಿ ಕಲೆ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಅಪೇಕ್ಷಣೀಯ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ನಿಮ್ಮ ನೀರು ಎಷ್ಟು ಎಂಬುದನ್ನು ಪರೀಕ್ಷೆ ಮಾಡಿಸದೆ ಅಮೃತಶಿಲೆಗೆ ಮುಂಗಡ ಕೊಡುವುದು ತಪ್ಪು.

ಕಾಣುವ ಭಾಗ ಇಷ್ಟು. ಸ್ನಾನದ ಮನೆಯ ನಿಜವಾದ ಕಾಮಗಾರಿ ನೆಲದ ಕೆಳಗಿದೆ. ಮೊಹೆಂಜೊದಾರೊದ ದೊಡ್ಡ ಸ್ನಾನಕೊಳವನ್ನು ನೆನೆಯಿರಿ. 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ವಯಸ್ಸು ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಜಿಪ್ಸಂ ಗಾರೆಯಿಂದ ಸಂದಿಯೇ ಕಾಣದಂತೆ ಬಿಗಿದಿದ್ದಾರೆ. ಅಷ್ಟಕ್ಕೇ ತೃಪ್ತರಾಗದೆ ಆ ಗೋಡೆಯ ಹಿಂದೆ ಬಿಟುಮಿನ್, ಅಂದರೆ ನೈಸರ್ಗಿಕ ಡಾಂಬರಿನ ಒಂದು ಪದರ ಬಳಿದಿದ್ದಾರೆ. ಅದನ್ನು ಮಾಡಿದವನಿಗೆ ಒಂದು ವಿಷಯ ಗೊತ್ತಿತ್ತು: ಇಟ್ಟಿಗೆಯಾಗಲಿ ಗಾರೆಯಾಗಲಿ ಎಷ್ಟೇ ನಯವಾಗಿದ್ದರೂ ನೀರನ್ನು ಕುಡಿಯುತ್ತವೆ. ನಮ್ಮ ಟೈಲ್ಸ್ ಕೆಲಸಕ್ಕೂ ಇದೇ ನಿಯಮ. ಟೈಲ್ಸ್ ನಡುವಿನ ಗ್ರೌಟ್ ಸಿಮೆಂಟಿನದು, ಅದರೊಳಗಿನ ಕೂದಲೆಳೆಗಿಂತ ಸಣ್ಣ ರಂಧ್ರಗಳು ಬತ್ತಿ ಎಣ್ಣೆ ಎಳೆದಂತೆ ನೀರನ್ನು ಎಳೆಯುತ್ತವೆ. ತಡೆಯಬೇಕಾದದ್ದು ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಅದು ನೆಲದಿಂದ ಗೋಡೆಗೆ ಮುರಿಯದೆ ಏರಬೇಕು. ಪೈಪು ತೂರುವ ಕಡೆ, ಮೂಲೆಗಳಲ್ಲಿ ಎರಡು ಪಟ್ಟು ಎಚ್ಚರ ಬೇಕು.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಮೇಲಂತಸ್ತಿನ ಸ್ನಾನದ ಮನೆ ಮಾಡಿದ ಮೇಸ್ತ್ರಿ ಆತುರದವರು, ನಾವೂ ಗೃಹಪ್ರವೇಶದ ಆತುರದಲ್ಲಿದ್ದೆವು. ತಗ್ಗಿಸಿ ಹಾಕಿದ ಸಂಕನ್ ಸ್ಲ್ಯಾಬಿಗೆ ಪದರ ಬಳಿದ ಮಾರನೆಯ ದಿನವೇ ಟೈಲ್ಸ್ ಕೂತಿತು. ಎಂಟು ತಿಂಗಳಿಗೆ ಕೆಳಗಿನ ಕೋಣೆಯ ಸೂರಿನಲ್ಲಿ ಹಳದಿ ವೃತ್ತ ಮೂಡಿತು. ಬಳಿದ ಪದರ ಒಣಗಿದ ಮೇಲೆ ನೀರು ಹೋಗುವ ಕಂಡಿ ಮುಚ್ಚಿ, ಎರಡಂಗುಲ ನೀರು ನಿಲ್ಲಿಸಿ, ಗುರುತು ಹಾಕಿ ಎರಡು ಮೂರು ದಿನ ಕಾಯುವುದಕ್ಕೆ ಪಾಂಡಿಂಗ್ ಟೆಸ್ಟ್ ಎನ್ನುತ್ತಾರೆ. ಅದರ ಖರ್ಚು ಕೆಲವು ಕೊಡ ನೀರು. ನಾವು ಅದನ್ನು ಉಳಿಸಿ ಇಡೀ ನೆಲವನ್ನು ಒಡೆಸಿದೆವು.

ಹಂಪಿಯ ಮಹಾನವಮಿ ದಿಬ್ಬದ ಹತ್ತಿರ 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲು ಪುಷ್ಕರಣಿಯ ಕಪ್ಪು ಕಲ್ಲುಗಳ ಮೇಲೆ ಯಾವ ಕಲ್ಲು ಎಲ್ಲಿ ಕೂರಬೇಕೆಂಬ ಗುರುತುಗಳಿವೆ. ಅಂದರೆ ಮೊದಲ ಕಲ್ಲು ಕೂರುವ ಮೊದಲೇ ಇಡೀ ಕೊಳದ ಲೆಕ್ಕ ಮುಗಿದಿತ್ತು. ಸ್ನಾನದ ಮನೆಗೂ ಅಂಥ ಲೆಕ್ಕ ಬೇಕು. ನೆಲದ ಇಳಿಜಾರು ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರ್. ನೀರು ಹೋಗುವ ಕಂಡಿ ಟೈಲ್ಸಿನ ಗಾತ್ರಕ್ಕೆ ಹೊಂದಿ ಬರಬೇಕು. ಕೆಳಗಿನ ನಹಾನಿ ಟ್ರ್ಯಾಪಿನಲ್ಲಿ ಸದಾ ಐದು ಸೆಂಟಿಮೀಟರ್ ನೀರು ನಿಂತಿರಬೇಕು. ಚರಂಡಿಯ ವಾಸನೆಯನ್ನು ತಡೆಯುವುದು ಆ ಬೊಗಸೆ ನೀರು. ಕೊಳವೆಯನ್ನು ಎಸ್ ಅಕ್ಷರದಂತೆ ಬಗ್ಗಿಸಿ ನೀರನ್ನೇ ಬಾಗಿಲಾಗಿ ನಿಲ್ಲಿಸುವ ಉಪಾಯಕ್ಕೆ 1775ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ. ಅತಿಥಿಗಳ ಸ್ನಾನದ ಮನೆ ತಿಂಗಳುಗಟ್ಟಲೆ ಬಳಸದೆ ನಾರುತ್ತಿದ್ದರೆ ಪ್ಲಂಬರನ್ನು ಕರೆಯುವ ಮೊದಲು ಕಂಡಿಗೆ ಎರಡು ಚೊಂಬು ನೀರು ಹಾಕಿ ನೋಡಿ. ಬಾಗಿಲು ಆವಿಯಾಗಿ ಹೋಗಿರುತ್ತದೆ, ಅಷ್ಟೇ.

ಈಗ ಟಬ್ಬು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ ಎಂಬುದನ್ನು ಶಾಲೆಯಲ್ಲಿ ಕಲಿತು ಮನೆ ಕಟ್ಟುವಾಗ ಮರೆಯುತ್ತೇವೆ. 250 ಲೀಟರ್ ನೀರು, 120 ಕಿಲೋದ ಕೃತಕ ಕಲ್ಲಿನ ಟಬ್ಬು, 70 ಕಿಲೋದ ಮನುಷ್ಯ ಸೇರಿದರೆ 440 ಕಿಲೋ. ಟಬ್ಬು ಕೂರುವ ಜಾಗ ಒಂದೂಕಾಲು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು, ಹಾಗಾಗಿ ಚದರ ಮೀಟರಿಗೆ ಸುಮಾರು 345 ಕಿಲೋ ಭಾರ. ನಮ್ಮ ವಸತಿ ಮನೆಗಳ ಸ್ಲ್ಯಾಬನ್ನು ಲೆಕ್ಕ ಹಾಕುವುದು ಚದರ ಮೀಟರಿಗೆ ಸುಮಾರು 200 ಕಿಲೋ ಹೇರಿಕೆಗೆ. ಹಳೆಯ ಮನೆಯ ಮಹಡಿಗೆ ಟಬ್ಬು ಏರಿಸುವವರು ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಬೇಕು. ಬಿಸಿನೀರಿನ ಲೆಕ್ಕವೂ ಇಷ್ಟೇ ನಿಷ್ಠುರ. 24 ಡಿಗ್ರಿಯ 250 ಲೀಟರನ್ನು 40ಕ್ಕೆ ತರಲು ನಾಲ್ಕೂವರೆ ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. 25 ಲೀಟರಿನ ಗೀಸರಿನ 60 ಡಿಗ್ರಿ ನೀರಿಗೆ ತಣ್ಣೀರು ಬೆರೆಸಿದರೆ ಸಿಗುವುದು 56 ಲೀಟರ್ ಹದನೀರು. ಟಬ್ಬಿನ ಕಾಲುಭಾಗವೂ ತುಂಬದು. ಸೌರ ಹೀಟರ್ ಇಲ್ಲದೆ ಟಬ್ಬಿನ ಯೋಚನೆ ಮಾಡದಿರುವುದೇ ಲೇಸು.

ನೀರು ಉಕ್ಕಿಸಿ ಮೈ ನೀವುವ ಟಬ್ಬಿಗೆ ಜಕೂಜಿ ಎಂಬ ಹೆಸರು ಬಂದ ಕಥೆ ನನಗೆ ಬಹಳ ಪ್ರಿಯ. ಜಕೂಜಿ ಸಹೋದರರು ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದವರು. ವಿಮಾನದ ಪ್ರೊಪೆಲ್ಲರ್ ಮಾಡುತ್ತಿದ್ದರು, ವಿಮಾನವನ್ನೂ ಕಟ್ಟಿದರು. 1921ರಲ್ಲಿ ಆ ವಿಮಾನ ಅಪಘಾತಕ್ಕೀಡಾದ ನಂತರ ಆಕಾಶ ಬಿಟ್ಟು ನೆಲಕ್ಕೆ ಇಳಿದು, ಆಳದ ಬಾವಿಯಿಂದ ನೀರೆತ್ತುವ ಜೆಟ್ ಪಂಪ್ ಮಾಡಿದರು. ಸಹೋದರರಲ್ಲೊಬ್ಬನಾದ ಕ್ಯಾಂಡಿಡೊನ ಪುಟ್ಟ ಮಗನಿಗೆ ಕೀಲುವಾತ ಬಂತು. ಆಸ್ಪತ್ರೆಯಲ್ಲಿ ನೀರಿನ ಚಿಕಿತ್ಸೆಯಿಂದ ಮಗುವಿಗೆ ಆರಾಮ ಸಿಗುವುದನ್ನು ಕಂಡ ತಂದೆ, ತಮ್ಮ ಪಂಪಿನ ತಂತ್ರವನ್ನೇ ಮನೆಯ ಟಬ್ಬಿಗೆ ಅಳವಡಿಸಿದ. ಅದು 1956ರಲ್ಲಿ ಮಾರಾಟಕ್ಕೆ ಬಂತು, ಪಂಪನ್ನು ಒಳಗೇ ಸೇರಿಸಿಕೊಂಡ ಟಬ್ಬು 1968ರಲ್ಲಿ. ಇಂದು ಅದನ್ನು ವಿಲಾಸದ ಗುರುತೆನ್ನುತ್ತಾರೆ. ಹುಟ್ಟಿದ್ದು ಒಂದು ಮಗುವಿನ ನೋವು ಕಡಿಮೆ ಮಾಡಲು.

ಒಂದು ಎಚ್ಚರಿಕೆ ಹೇಳದೆ ಸ್ನಾನದ ಮನೆಯಿಂದ ಹೊರಬರಲಾರೆ. ಗ್ಯಾಸ್ ಗೀಸರನ್ನು ಸ್ನಾನದ ಮನೆಯ ಒಳಗೆ ಹಾಕಬೇಡಿ. ಕೋಣೆ ಚಿಕ್ಕದು, ಕಿಟಕಿ ಮುಚ್ಚಿದೆ, ಉರಿ ಗಾಳಿಯ ಆಮ್ಲಜನಕವನ್ನು ತಿನ್ನುತ್ತದೆ. ಆಮ್ಲಜನಕ ಸಾಲದಾದಾಗ ಇಂಗಾಲ ಪೂರ್ತಿ ಸುಡದೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಚಿಲಕ ತೆಗೆಯಲು ಕೈಯಲ್ಲಿ ಶಕ್ತಿ ಇರುವುದಿಲ್ಲ. ಇಂಥ ಸಾವಿನ ಸುದ್ದಿಗಳನ್ನು ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಗೀಸರ್ ಹೊರಗಿನ ಗೋಡೆಯ ಮೇಲಿರಲಿ, ಪೈಪು ಮಾತ್ರ ಒಳಗೆ ಬರಲಿ.

ಹಿತ್ತಿಲಿನ ಕೊಳಕ್ಕೆ ಬರೋಣ. ಬೇಕಾದ ಆಕಾರದ ಕೊಳ ಇಂದು ಸಾಧ್ಯವಾಗಿರುವುದಕ್ಕೆ ಒಬ್ಬ ಟ್ಯಾಕ್ಸಿಡರ್ಮಿಸ್ಟ್‌ಗೆ ನಾವು ಋಣಿಗಳಾಗಿರಬೇಕು. ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಸತ್ತ ಪ್ರಾಣಿಗಳಿಗೆ ಜೀವಕಳೆ ಕೊಡುತ್ತಿದ್ದ ಕಾರ್ಲ್ ಎಕ್ಲಿ, ಕಟ್ಟಡದ ಉದುರುತ್ತಿದ್ದ ಗೋಡೆಗೆ ಗಾರೆ ಹಚ್ಚಲು 1907ರ ಸುಮಾರಿಗೆ ಒಂದು ಬಂದೂಕು ಮಾಡಿದ. ಒಣ ಸಿಮೆಂಟು ಮರಳು ಕೊಳವೆಯಲ್ಲಿ ಗಾಳಿಯ ರಭಸಕ್ಕೆ ಹಾರಿಬಂದು, ಮೂತಿಯಲ್ಲಿ ನೀರು ಸೇರಿ, ಗೋಡೆಗೆ ಅಪ್ಪಳಿಸಿ ಗಟ್ಟಿಯಾಗಿ ಕೂರುತ್ತದೆ. ಗನೈಟ್ ಎಂಬ ಹೆಸರು ಹೀಗೆ ಬಂತು. ಪೆಟ್ಟಿಗೆ ಕಟ್ಟಿ ಕಾಂಕ್ರೀಟು ಸುರಿಯುವ ಅಗತ್ಯವೇ ಇಲ್ಲವಾದ್ದರಿಂದ ಮಣ್ಣನ್ನು ಹೇಗೆ ಅಗೆದರೆ ಹಾಗೆ ಕಂಬಿ ಕಟ್ಟಿ ಗಾರೆ ಹಾರಿಸಬಹುದು. 1948ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಉದ್ಯಾನ ವಿನ್ಯಾಸಕ ಥಾಮಸ್ ಚರ್ಚ್ ಮಾಡಿದ ಮೂತ್ರಪಿಂಡದಾಕಾರದ ಕೊಳ ಲೋಕಪ್ರಸಿದ್ಧವಾಯಿತು. ದೂರದಲ್ಲಿ ಕಾಣುವ ಜೌಗುನೆಲದ ತೊರೆಗಳ ಬಳುಕನ್ನೇ ಅವರು ಕೊಳಕ್ಕೆ ತಂದಿದ್ದರು. ಮನೆಮನೆಯ ಹಿತ್ತಿಲಿಗೂ ಆ ಬಳುಕು ಹಬ್ಬಿತು.

ಕೊಳ ಒಡೆದು ಸೋರೀತು ಎಂದು ಎಲ್ಲರೂ ಹೆದರುತ್ತಾರೆ. ಖಾಲಿ ಕೊಳ ಮೇಲಕ್ಕೆ ತೇಲೀತು ಎಂದು ಹೆದರುವವರು ಕಡಿಮೆ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಜುಲೈ ತಿಂಗಳಲ್ಲಿ ಅಂತರ್ಜಲ ಕೊಳದ ತಳಕ್ಕಿಂತ ಒಂದು ಮೀಟರ್ ಮೇಲಿದೆ ಎನ್ನಿ. ತಳವನ್ನು ಅದು ಚದರ ಮೀಟರಿಗೆ ಒಂದು ಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. 20 ಸೆಂಟಿಮೀಟರ್ ದಪ್ಪದ ಕಾಂಕ್ರೀಟು ತಳದ ತೂಕ ಅರ್ಧ ಟನ್ನಿಗಿಂತ ಕಡಿಮೆ. ಒಳಗೆ ನೀರು ತುಂಬಿದ್ದರೆ ಚಿಂತೆಯಿಲ್ಲ. ತೊಳೆಯಲೆಂದು ಖಾಲಿ ಮಾಡಿದರೆ ಇಡೀ ಕೊಳ ದೋಣಿಯಂತೆ ಏಳುತ್ತದೆ ಅಥವಾ ತಳ ಸೀಳುತ್ತದೆ. ತಳದಲ್ಲಿ ಒತ್ತಡ ಬಿಡುವ ಒಂದು ವಾಲ್ವ್ ಇರಲೇಬೇಕು. ಮಳೆಗಾಲದಲ್ಲಿ ಕೊಳ ಖಾಲಿ ಮಾಡಬಾರದು.

ಇನ್ನು ಕೊಳದ ನೀರು. ಕಣ್ಣು ಉರಿಸುವ ಆ ಘಾಟು ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಗಿದೆ ಎಂದುಕೊಳ್ಳುತ್ತೇವೆ. ಬೆವರು ಮತ್ತು ಮೂತ್ರದ ಸಾರಜನಕದೊಂದಿಗೆ ಕ್ಲೋರಿನ್ ಕೂಡಿ ಆಗುವ ಕ್ಲೋರಮೈನ್‌ಗಳ ವಾಸನೆ ಅದು. ಒಳ್ಳೆಯ ಕೊಳ ಹೆಚ್ಚು ವಾಸನೆ ಹೊಡೆಯುವುದಿಲ್ಲ. ಇಳಿಯುವ ಮೊದಲು ಮೈ ತೊಳೆಯಬೇಕೆಂಬ ನಿಯಮ ಮಡಿಯ ಮಾತಲ್ಲ, ರಸಾಯನಶಾಸ್ತ್ರದ ಮಾತು. ಇನ್ನೊಂದು ಗುಟ್ಟು ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ. ನೀರಿಗೆ ಹಾಕಿದ ಕ್ಲೋರಿನ್ನಿನಲ್ಲಿ ಕ್ರಿಮಿ ಕೊಲ್ಲುವ ಮುಖ್ಯ ರೂಪ ಹೈಪೋಕ್ಲೋರಸ್ ಆಮ್ಲ. ಪಿಎಚ್ 7.2 ಇದ್ದರೆ ಮೂರರಲ್ಲಿ ಎರಡು ಪಾಲು ಆ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಕಾಲುಭಾಗವೂ ಉಳಿಯುವುದಿಲ್ಲ. ಹಾಕಿದ ಔಷಧಿ ಅಷ್ಟೇ, ಕೆಲಸ ಮಾತ್ರ ಮೂರನೇ ಒಂದು.

ಸುಣ್ಣದ ಮಾತು ಇಲ್ಲಿ ಮತ್ತೆ ಬರುತ್ತದೆ. ನೀರಿಗೂ ಹಸಿವಿದೆ. ಮಳೆನೀರಿನಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಅದು ಹಸಿದ ನೀರು, ಗ್ರೌಟಿನಿಂದಲೂ ಗಾರೆಯಿಂದಲೂ ಸುಣ್ಣವನ್ನು ಕರಗಿಸಿ ತಿನ್ನುತ್ತದೆ. ಗಡಸು ಕೊಳವೆಬಾವಿ ನೀರು ಹೊಟ್ಟೆ ತುಂಬಿದ ನೀರು, ತಿಂದದ್ದನ್ನು ಟೈಲ್ಸಿನ ಮೇಲೆ ಕಕ್ಕುತ್ತದೆ. ನೀರು ಎರಡರಲ್ಲಿ ಯಾವ ಕಡೆಗಿದೆ ಎಂದು ಪಿಎಚ್, ಉಷ್ಣತೆ, ಗಡಸುತನ, ಕ್ಷಾರೀಯತೆಗಳಿಂದ ಲೆಕ್ಕ ಹಾಕುವ ಸೂಚ್ಯಂಕವನ್ನು 1936ರಲ್ಲಿ ಬರ್ಕ್ಲಿಯ ಪ್ರಾಧ್ಯಾಪಕ ವಿಲ್ಫ್ರೆಡ್ ಲ್ಯಾಂಗ್ಲಿಯರ್ ಕೊಟ್ಟರು. ಊರಿನ ನೀರಿನ ಪೈಪುಗಳಿಗಾಗಿ ಮಾಡಿದ ಲೆಕ್ಕ ಇಂದು ಕೊಳ ನೋಡಿಕೊಳ್ಳುವವರ ಕೈಪಿಡಿಯಲ್ಲಿದೆ.

ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳಕ್ಕೆ ಹಿಡಿಯುವುದು ಸುಮಾರು 45,000 ಲೀಟರ್. ದಿನಕ್ಕೆ 5 ಮಿಲಿಮೀಟರ್ ಆರಿದರೆ 160 ಲೀಟರ್ ಆವಿ. ಆ ಆವಿ ಹೊತ್ತೊಯ್ಯುವ ಶಾಖ ನೂರು ಯೂನಿಟ್ ವಿದ್ಯುತ್ತಿಗೂ ಮೀರುತ್ತದೆ, ಬೆಂಗಳೂರಿನ ತೆರೆದ ಕೊಳಗಳು ಬೇಸಗೆಯಲ್ಲೂ ತಣ್ಣಗಿರಲು ಮುಖ್ಯ ಕಾರಣ ಇದು. ನೀರು ಆರುತ್ತದೆ, ಲವಣ ಆರುವುದಿಲ್ಲ. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರಿನಿಂದ ಮಳೆಯಿಲ್ಲದ ಆರು ತಿಂಗಳು ಭರ್ತಿ ಮಾಡಿದರೆ ಕೊಳಕ್ಕೆ ಹನ್ನೊಂದು ಕಿಲೋಗೂ ಹೆಚ್ಚು ಲವಣ ಸೇರಿರುತ್ತದೆ. ಬಳಸದಾಗ ಒಂದು ಹೊದಿಕೆ ಎಳೆದರೆ ನೀರು, ಶಾಖ, ಔಷಧಿ ಮೂರೂ ಉಳಿಯುತ್ತವೆ. ಕೊಳಕ್ಕೆ ಕೊಳ್ಳುವ ಸಾಮಾನುಗಳಲ್ಲಿ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಆ ಹೊದಿಕೆ.

ನೀಲಿ ಟೈಲ್ಸಿಗಾಗಿ ಹೆಚ್ಚು ಹಣ ತೆರಬೇಕಿಲ್ಲ. 1921ರಲ್ಲಿ ನರ್ಕುಂಡ ಹಡಗಿನಲ್ಲಿ ಭಾರತಕ್ಕೆ ಮರಳುವಾಗ ಸಮುದ್ರದ ನೀಲಿ ಕಂಡು ಸಿ. ವಿ. ರಾಮನ್ ಅದರ ಹಿಂದೆ ಬಿದ್ದರು. ಆಕಾಶದ ಪ್ರತಿಬಿಂಬ ಎಂಬ ವಿವರಣೆ ಅವರಿಗೆ ಒಪ್ಪಿಗೆಯಾಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು. ಹಿತ್ತಿಲಿನ ಕೊಳದಲ್ಲಿ ಮುಖ್ಯವಾಗುವುದು ಇನ್ನೊಂದು ಗುಣ: ನೀರು ಕೆಂಪನ್ನು ಹೀರುತ್ತದೆ. 1.4 ಮೀಟರ್ ಇಳಿದು ತಳಕ್ಕೆ ತಾಗಿ ಮರಳುವಷ್ಟರಲ್ಲಿ ಕಡುಗೆಂಪು ಬೆಳಕಿನಲ್ಲಿ ಐದನೇ ಒಂದು ಪಾಲೂ ಉಳಿದಿರುವುದಿಲ್ಲ, ನೀಲಿ ಹೆಚ್ಚುಕಡಿಮೆ ಪೂರ್ತಿ ಮರಳುತ್ತದೆ. ಬಿಳಿ ತಳ ಸಾಕು, ನೀಲಿಯನ್ನು ನೀರೇ ತರುತ್ತದೆ.

ಆದರೆ ಆ ನೀರು ಎಲ್ಲಿಂದ? ಕಾವೇರಿ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಿ ಬರುತ್ತಾಳೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕದಲ್ಲಿ ಆ 45,000 ಲೀಟರ್ ನಾಲ್ವರ ಸಂಸಾರಕ್ಕೆ 83 ದಿನದ ನೀರು. 2024ರ ಮಾರ್ಚಿನಲ್ಲಿ ನಗರ ಬಾಯಾರಿದಾಗ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಅದು ಸರಿಯಾದ ಕ್ರಮ. ಕೊಳ ಬೇಕೆನ್ನುವವರು ಚಾವಣಿಯ ಮಳೆನೀರನ್ನು ಸೋಸಿ, ಅದರ ಹಸಿವು ತಣಿಯುವಷ್ಟು ಕ್ಯಾಲ್ಸಿಯಂ ಬೆರೆಸಿ ತುಂಬಲಿ. ಸ್ನಾನದ ನೀರಿಗೆ ಕಕ್ಕಸಿನ ಪೈಪಿನಿಂದ ಬೇರೆಯೇ ಪೈಪು ಹಾಕಿಸಿ ತೋಟಕ್ಕೆ ಬಿಡಲಿ. ಅಜ್ಜಿಯ ಮನೆಯಲ್ಲಿ ನೀರು ತುಂಬುವ ಹಬ್ಬದ ದಿನ ಹಂಡೆ ಬೆಳಗಿ, ಬಳ್ಳಿ ಸುತ್ತಿ ಪೂಜೆ ಮಾಡುತ್ತಿದ್ದರು; ಮರುದಿನದ ಎಣ್ಣೆಸ್ನಾನದ ನೀರು ಬಚ್ಚಲ ಹಿಂದಿನ ಬಾಳೆಗೂ ಕೆಸುವಿಗೂ ಹರಿಯುತ್ತಿತ್ತು. ಸ್ನಾನದ ನೀರಿನ ಬೇರೆ ಪೈಪಿನ ಖರ್ಚು ಒಂದು ವಿದೇಶಿ ನಲ್ಲಿಯ ಬೆಲೆಗಿಂತ ಹೆಚ್ಚಲ್ಲ.

ಕೊಳ ತಯಾರಾದ ಮೇಲೆ ಕೊನೆಯದಾಗಿ ಒಂದು ಕೆಲಸ ಉಳಿಯುತ್ತದೆ, ದಯವಿಟ್ಟು ಅದನ್ನು ಮೊದಲು ಮಾಡಿ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದೂ ಅಪರೂಪ. ಉಸಿರಿಗಾಗಿ ಹೋರಾಡುವ ಬಾಯಿಗೆ ಕೂಗಲು ಬಿಡುವಿರುವುದಿಲ್ಲ. ಕೊಳದ ನಾಲ್ಕೂ ಕಡೆ ಮಗು ಹತ್ತಲಾಗದ, ಎದೆಯೆತ್ತರದ ಬೇಲಿ ಹಾಕಿಸಿ. ಅದರ ಬಾಗಿಲು ತಾನಾಗಿ ಮುಚ್ಚಿ ತಾನಾಗಿ ಚಿಲಕ ಬೀಳುತ್ತದೆಯೇ ಎಂದು ನಿಮ್ಮ ಕೈಯಾರೆ ಹತ್ತು ಸಲ ತೆಗೆದು ಬಿಟ್ಟು ನೋಡಿ. ನೀರು ಬಿಡುವುದು ಆಮೇಲೆ.